ಗ್ರೇಸತ್ತೆ ಮುಳುಗದ ನೀರು

ಹುಣಸೆಹಣ್ಣು ಕಿವುಚಿದ ವಾಸನೆ ಬಂದರೆ ಬೇರೆಯವರಿಗೆ ಸಾರು ನೆನಪಾಗುತ್ತದೆ. ನನಗೆ ಚರ್ಚು ನೆನಪಾಗುತ್ತದೆ. ಚಾಮರಾಜಪೇಟೆಯ ನಮ್ಮ ಹೆಂಚಿನ ಮನೆಯ ಹಿತ್ತಿಲಲ್ಲಿ ಶನಿವಾರ ಸಂಜೆ ಗ್ರೇಸತ್ತೆ, ಅಂದರೆ ಅಪ್ಪನ ತಂಗಿ, ಬಲಿಪೀಠದ ಮೇಲಿಡುವ ಹಿತ್ತಾಳೆಯ ಮೇಣದಬತ್ತಿ ಕಂಬಗಳನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ತಾತ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಎಲ್ಲಿ ಕಲೆ ಉಳಿದಿದೆ ಎಂದು ನೋಡುತ್ತಿದ್ದರು. ಕ್ರೈಸ್ತರ ಬೇರೆ ಬೇರೆ ಪಂಗಡಗಳ ಸಭೆಗಳೆಲ್ಲ ಕೂಡಿ ಒಂದಾಗಿ ಎಷ್ಟೋ ಕಾಲವಾಗಿತ್ತು, ಚರ್ಚಿನ ಬೋರ್ಡೂ ಬದಲಾಗಿತ್ತು. ನಮ್ಮ ತಾತ ಬದಲಾಗಬೇಕಲ್ಲ! ಆರಾಧನೆಯಲ್ಲಿ ಮಂಡಿಯೂರದೆ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಂಡವರನ್ನು ಕಂಡರೆ ವಾರವಿಡೀ ಗೊಣಗುವರು. "ನಾವು ಆಂಗ್ಲಿಕನ್‌ನೋರು" ಎಂದು, ಇಂಗ್ಲೆಂಡಿನ ಚರ್ಚಿನಿಂದ ಬಂದ ತಮ್ಮ ಹಳೆಯ ಪಂಗಡದ ಹೆಸರನ್ನು ಹಾಲಿನವನಿಗೂ ಹೇಳಿದ್ದರು. ಪಾಪ, ಅವನು ಅದು ನಮ್ಮ ಜಾತಿ ಅಂದುಕೊಂಡಿದ್ದ.

ಅತ್ತೆಗೆ ಮದುವೆ ಗೊತ್ತಾಯಿತು. ಹುಡುಗ ಸ್ಯಾಮುವೆಲ್, ಶೇಷಾದ್ರಿಪುರಂನಲ್ಲಿ ಮೇಷ್ಟ್ರು. ಅವರು ಬರುವ ದಿನ ಅತ್ತೆ ಮಧ್ಯಾಹ್ನದಿಂದಲೇ ಕನಕಾಂಬರ ಮುಡಿದು ಓಡಾಡುತ್ತಿದ್ದರು. ನಮ್ಮ ಪದ್ಧತಿಯಂತೆ ಮೂರು ಭಾನುವಾರ ಚರ್ಚಿನಲ್ಲಿ ಮದುವೆಯ ಪ್ರಕಟಣೆ ಓದಿ, ಯಾರದಾದರೂ ಆಕ್ಷೇಪಣೆ ಇದೆಯೇ ಎಂದು ಕೇಳಬೇಕು. ಎರಡು ಸಲ ಓದಿ ಆಗಿತ್ತು. ಅವರೂ ಕ್ರೈಸ್ತರು, ನಾವೂ ಕ್ರೈಸ್ತರು, ಇನ್ನೇನು ಕೇಳುವುದು ಎಂದು ಎರಡು ಮನೆಯವರೂ ಸುಮ್ಮನಿದ್ದುಬಿಟ್ಟಿದ್ದರು. ಆಗ ಸ್ಯಾಮುವೆಲ್ ತಾಯಿ ಬಂದು ಮೆತ್ತಗೆ ಹೇಳಿದರು: "ಮಗುವಾಗಿದ್ದಾಗ ಹಣೆಗೆ ನೀರು ಹಾಕಿಸ್ಕೊಂಡಿದ್ದು ದೀಕ್ಷಾಸ್ನಾನ ಅಲ್ಲಮ್ಮ. ನಮ್ಮ ಸಭೇಲಿ ನಂಬಿಕೆ ಬಂದ್ಮೇಲೆ ನೀರಲ್ಲಿ ಮುಳುಗಿ ಏಳ್ಬೇಕು. ಅದಾದ್ಮೇಲೇ ಮದುವೆ."

ತಾತ ಕೂಗಾಡಿದ್ದರೆ ಅತ್ತೆ ಹಟ ಮಾಡುತ್ತಿದ್ದರೇನೋ. ಅವರು ಕೂಗಲಿಲ್ಲ. "ದೇವರು ಒಂದ್ಸಲ ಹೆಸರು ಹಿಡಿದು ಕರೆದಾಗಿದೆ. ಮತ್ತೆ ಕರೆಸ್ಕೊಂಡ್ರೆ ಮೊದಲ್ನೇದು ಸುಳ್ಳು ಅಂತಾಯ್ತು. ನಿನ್ನ ಹಣೆಗೆ ನೀರು ಹಾಕಿಸಿದ ದಿನ ನಿಮ್ಮಮ್ಮ ಜ್ವರದಲ್ಲೇ ಎದ್ದು ಬಂದು ನಿನ್ನ ಎತ್ಕೊಂಡು ನಿಂತಿದ್ಲು ಗ್ರೇಸ್. ಆಮೇಲೆ ಹಾಸಿಗೆಯಿಂದ ಏಳ್ಲೇ ಇಲ್ಲ" ಎಂದರು.

ಅತ್ತ ದರಿ, ಇತ್ತ ಪುಲಿ. ಮುಳುಗಿದರೆ ಮುಖವೇ ನೆನಪಿಲ್ಲದ ತಾಯಿಯನ್ನು ಸುಳ್ಳು ಮಾಡಿದ ಹಾಗೆ; ಮುಳುಗದಿದ್ದರೆ ಸ್ಯಾಮುವೆಲ್ ಇಲ್ಲ. ಬಾಗಿಲು ಹಾಕಿಕೊಂಡು ಅಳೋಣವೆಂದರೆ ಅತ್ತೆಗೆ ಆ ಮನೆಯಲ್ಲಿ ತಮ್ಮದೆಂಬ ಕೋಣೆಯೂ ಇರಲಿಲ್ಲ. ನನ್ನ ಪಕ್ಕದಲ್ಲೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದರು. ಮೂರನೆಯ ಭಾನುವಾರ ಪಾದ್ರಿಗಳು ಬೇರೆ ಯಾರದೋ ಪ್ರಕಟಣೆ ಓದಿದರು. ವಾರವಾರದಂತೆ ಒಂದೇ ದೀಕ್ಷಾಸ್ನಾನವನ್ನು ನಂಬುತ್ತೇವೆ ಎಂದು ಎಲ್ಲರೂ ಎದ್ದು ನಿಂತು ಹೇಳುವಾಗ ತಾತನ ದನಿ ಎಲ್ಲರಿಗಿಂತ ಜೋರಾಗಿತ್ತು. ಅತ್ತೆಯ ತುಟಿಯೂ ಆಡುತ್ತಿತ್ತು. ತಾತನ ಮೇಲೆ ಅವತ್ತು ಬಂದ ಸಿಟ್ಟು ನನಗೆ ಇವತ್ತಿಗೂ ಪೂರ್ತಿ ಇಳಿದಿಲ್ಲ. ಅವರು ಹೇಳಿದ್ದರಲ್ಲಿ ತಪ್ಪು ಹುಡುಕಲಾಗುವುದಿಲ್ಲವಲ್ಲ, ಅದೇ ಸಂಕಟ.

ಸ್ಯಾಮುವೆಲ್ ಬೇರೆ ಮದುವೆಯಾದರು. ತಾತ ತೀರಿಕೊಂಡರು, ಹೆಂಚಿನ ಮನೆಯ ಜಾಗದಲ್ಲಿ ಅಪಾರ್ಟ್‌ಮೆಂಟ್ ಎದ್ದಿತು. ಅತ್ತೆ ಕೊನೆಯವರೆಗೂ ನಮ್ಮ ಜೊತೆಗೇ ಇದ್ದರು; ಈ ಸಲ ಈಸ್ಟರ್‌ಗೆ ಮುಂಚೆ ಅವರೂ ಹೋದರು. ಅದಕ್ಕೆ ಹಿಂದಿನ ವರ್ಷ ನನ್ನ ಮಗಳಿಗೂ ಅಂಥದೇ ಸಭೆಯ ಹುಡುಗ ಸಿಕ್ಕಿದ. ಅವಳು ನಮ್ಮನ್ನು ಯಾರನ್ನೂ ಕೇಳಲಿಲ್ಲ. ಒಂದು ಭಾನುವಾರ ಅವರ ಸಭೆಯ ತೊಟ್ಟಿಯಲ್ಲಿ ಮುಳುಗಿ, ಒದ್ದೆ ತಲೆಗೆ ಟವೆಲ್ ಸುತ್ತಿಕೊಂಡು ಮನೆಗೆ ಬಂದಳು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಅವಳನ್ನು ಹತ್ತಿರ ಕರೆದು ಕೂದಲು ಮುಟ್ಟಿ ನೋಡಿದರು.

"ನೀರು ತಣ್ಣಗಿತ್ತೇನಮ್ಮಾ?"

"ಇಲ್ಲ ಅಜ್ಜಿ, ಬಿಸಿನೀರು ಬೆರೆಸಿದ್ರು."

"ಹೌದಾ" ಎಂದರು ಅತ್ತೆ. "ತುಂಬಾ ತಣ್ಣಗಿರುತ್ತೇನೋ ಅಂದ್ಕೊಂಡಿದ್ದೆ, ಇಷ್ಟು ವರ್ಷ."