ಮೂರು ನಿಮಿಷದ ಪರೀಕ್ಷೆ

ಮೇಟಗಳ್ಳಿಯ ಹಳೆ ಶೆಡ್ಡು, ಹೆಬ್ಬಾಳದ ಹೊಸ ಘಟಕ, ಎರಡೂ ಒಂದೇ ಮೋಟರ್ ಕಾರ್ಖಾನೆಯವು. ಹಳೆ ಶೆಡ್ಡಿನ ಕಂಪ್ಯೂಟರು ಡಾಸ್ ಕಾಲದ್ದು, ಹೊಸ ಘಟಕದ್ದು ಆಗಷ್ಟೇ ಬಂದ ವಿಂಡೋಸ್. ಮೋಟರುಗಳನ್ನು ಪರೀಕ್ಷಿಸುವ ಪ್ರೋಗ್ರಾಂ ಮಾತ್ರ ಎರಡೂ ಕಡೆಗೆ ಒಂದೇ, ಸಿ ಭಾಷೆಯಲ್ಲಿ ಬರೆದದ್ದು. ಆ ಭಾಷೆಯ ಹಳೆ ಆವೃತ್ತಿಯಲ್ಲೂ ಹೊಸದರಲ್ಲೂ ಅದು ತಪ್ಪಿಲ್ಲದೆ ಓಡುವಂತೆ ನೋಡಿಕೊಳ್ಳುವುದು, ತೊಂಬತ್ತರ ದಶಕದ ಕೊನೆಯಲ್ಲಿ, ನನ್ನ ನೌಕರಿ. ಲಕ್ಷ್ಮೀಪುರಂನ ನಮ್ಮ ಮನೆಯಲ್ಲಿ ಯಾರಿಗೂ ಅದೇನೆಂದು ಗೊತ್ತಿರಲಿಲ್ಲ. ಕಂಪ್ಯೂಟರ್ ಕೆಲಸ ಅಂದರೆ ಸಾಕಿತ್ತು.

ಹಳೆ ಶೆಡ್ಡಿನಲ್ಲಿ ಪರೀಕ್ಷೆ ನಡೆಸುತ್ತಿದ್ದವರು ಐವತ್ತು ದಾಟಿದ ಒಬ್ಬ ಮೇಸ್ತ್ರಿ. ಭಾನುವಾರ ಚರ್ಚಿಗೆ ಹೋಗಲು ಪಾಳಿ ಬದಲಾಯಿಸಿಕೊಳ್ಳುತ್ತಿದ್ದರೇ ಹೊರತು ರಜೆ ಕೇಳಿದವರಲ್ಲ. ಓಡುವ ಮೋಟರಿನ ಮೇಲೆ ಅಂಗೈ ಇಟ್ಟು, "ಇದು ತಡ್ಯಲ್ಲ ಕಣಮ್ಮ" ಅಂದರೆಂದರೆ ಪರೀಕ್ಷೆ ಮುಗಿಯುವುದರೊಳಗೆ ಅದು ಕೆಡುತ್ತಿತ್ತು. ಬೇರಿಂಗ್ ಎಂದರೇನು ಎಂದು ನನಗೆ ಬಿಚ್ಚಿ ತೋರಿಸಿ ಕಲಿಸಿದವರು ಅವರೇ.

ಒಂದು ಮೋಟರು ಎಪ್ಪತ್ತು ಸಾವಿರ ಸುತ್ತು ಓಡಿದರೆ ಪಾಸು. ಅದಕ್ಕೆ ಐವತ್ತು ನಿಮಿಷ ಹಿಡಿಯುತ್ತಿತ್ತು. ತೊಡಕು ಇದ್ದದ್ದು ಆ ಸಂಖ್ಯೆಯಲ್ಲೇ. ಹಳೆ ಆವೃತ್ತಿಯಲ್ಲಿ ಮಾಮೂಲಿ ಪೂರ್ಣಾಂಕಕ್ಕೆ ಮೂವತ್ತೆರಡು ಸಾವಿರ ಚಿಲ್ಲರೆಯೇ ಮಿತಿ. ಅದಕ್ಕಿಂತ ದೊಡ್ಡದು ಬೇಕಾದರೆ 'ದೊಡ್ಡ ಪೂರ್ಣಾಂಕ' ಎಂದು ಬೇರೆಯಾಗಿ ಬರೆಯಬೇಕು. ಹೊಸ ಆವೃತ್ತಿಯಲ್ಲಿ ಮಾಮೂಲಿಯದೇ ಕೋಟಿಗಟ್ಟಲೆ ಹಿಡಿಯುತ್ತದೆ. ಹಾಗಾಗಿ ನಾನು ಎಲ್ಲ ಕಡೆಯೂ ದೊಡ್ಡದನ್ನೇ ಬರೆದಿದ್ದೆ. ಎರಡರಲ್ಲೂ ಸರಿಹೋಗುತ್ತಿತ್ತು.

ಹೊಸ ಮ್ಯಾನೇಜರು ಬಂದರು. ನಾನು ಬರೆದದ್ದು ಹಳೆ ಸಂಪ್ರದಾಯದಂತೆ ಕಾಣಿಸಿತು ಅವರಿಗೆ. ಎರಡು ದಿನ ಕೂತು ತಾವೇ 'ಶುಚಿ' ಮಾಡಿದರು. ದೊಡ್ಡ ಪೂರ್ಣಾಂಕಗಳೆಲ್ಲ ಮಾಮೂಲಿ ಪೂರ್ಣಾಂಕಗಳಾದವು.

"ಸರ್, ಹಳೆ ಶೆಡ್ಡಿನಲ್ಲೂ ಒಂದು ಸಲ ಓಡಿಸಿ ನೋಡ್ತೀನಿ" ಅಂದೆ.

"ಅಲ್ಲಿ ಆರ್ಡರ್ ಅರ್ಜೆಂಟಿದೆ, ಮಷೀನ್ ಬಿಡಲ್ಲ. ಹೆಬ್ಬಾಳದಲ್ಲಿ ಓಡ್ತಲ್ಲ, ಸಾಕು. ಸೈನ್ ಹಾಕಿ."

'ಎರಡೂ ಕಡೆ ಪರೀಕ್ಷಿಸಲಾಗಿದೆ' ಎಂಬ ಹಾಳೆಗೆ ಸಹಿ ಹಾಕಿದೆ. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಹಳೆ ಆವೃತ್ತಿಗೆ ಕಂಪೈಲ್ ಮಾಡುವಾಗ, ಅಂದರೆ ಬರೆದದ್ದನ್ನು ಯಂತ್ರ ಓಡಿಸಬಲ್ಲ ರೂಪಕ್ಕೆ ತರುವಾಗ, ಪರದೆಯ ಮೇಲೆ ಎಚ್ಚರಿಕೆಯ ಸಾಲುಗಳು ಸರಸರನೆ ಮೇಲಕ್ಕೆ ಹೋದವು. ಓದಲಿಲ್ಲ. ಫ್ಲಾಪಿಗೆ ಹಾಕಿ ಕಳಿಸಿದೆ.

ಮೂರನೇ ವಾರಕ್ಕೆ ಮೋಟರುಗಳು ವಾಪಸು ಬರತೊಡಗಿದವು. ಬೇರಿಂಗ್ ಸುಟ್ಟವು, ಶಾಫ್ಟ್ ಹಿಡಿದುಕೊಂಡವು. ಎಲ್ಲವೂ ಹಳೆ ಶೆಡ್ಡಿನಲ್ಲಿ ಪಾಸಾದವೇ. ನಾನು ಮತ್ತೆ ಕಂಪೈಲ್ ಮಾಡಿ ಈ ಸಲ ಸಾಲುಗಳನ್ನು ಓದಿದೆ. ಎಪ್ಪತ್ತು ಸಾವಿರ ಹಳೆ ಆವೃತ್ತಿಯ ಮಾಮೂಲಿ ಪೂರ್ಣಾಂಕದಲ್ಲಿ ಹಿಡಿಸದೆ ನಾಲ್ಕು ಸಾವಿರದ ನಾನೂರ ಅರವತ್ತನಾಲ್ಕಾಗಿತ್ತು. ಮೂರು ನಿಮಿಷಕ್ಕೆಲ್ಲ ಪರೀಕ್ಷೆ ಮುಗಿದು ಪಾಸು ಎಂದು ಬರುತ್ತಿತ್ತು.

ಮಾರನೆಯ ದಿನವೇ ವಿಚಾರಣೆ. ಶೆಡ್ಡಿನ ಸೂಪರ್‌ವೈಸರ್, ಬೇಗ ಮುಗಿಸುವ ಆಸೆಗೆ ಮೇಸ್ತ್ರಿಯೇ ಮಧ್ಯದಲ್ಲಿ ಪರೀಕ್ಷೆ ನಿಲ್ಲಿಸಿದ್ದಾರೆ ಎಂದುಬಿಟ್ಟ.

"ಮೊದಲ ದಿನಾನೇ ನಾನು ಇವ್ರಿಗೆ ಹೇಳ್ದೆ ಸ್ವಾಮಿ" ಅಂದರು ಮೇಸ್ತ್ರಿ, ಸೂಪರ್‌ವೈಸರ್ ಕಡೆ ಕೈ ತೋರಿಸಿ. "ಐವತ್ತು ನಿಮಿಷದ್ದು ಮೂರು ನಿಮಿಷಕ್ಕೆ ನಿಂತೋಯ್ತದೆ, ಏನೋ ಎಡವಟ್ಟಾಗದೆ ಅಂತ. ಹೊಸ ಪ್ರೋಗ್ರಾಮು, ಸ್ಪೀಡು, ಸುಮ್ನೆ ಮಾಡು ಅಂದ್ಬುಟ್ರು."

ಸೂಪರ್‌ವೈಸರ್ ಅಂಥ ಮಾತೇ ಆಗಿಲ್ಲ ಎಂದ. ಮ್ಯಾನೇಜರು ನನ್ನ ಸಹಿಯ ಹಾಳೆಯನ್ನು ಮೇಜಿನ ಮೇಲೆ ನನ್ನ ಕಡೆ ತಿರುಗಿಸಿಟ್ಟರು.

"ಪ್ರೋಗ್ರಾಂ ಎರಡೂ ಕಡೆ ಪರೀಕ್ಷೆ ಆಗಿತ್ತಲ್ವಾ ಮೇಡಂ?"

ಮೇಸ್ತ್ರಿ ನನ್ನ ಕಡೆ ನೋಡಿದರು. ಆ ನೋಟದಲ್ಲಿ ನಂಬಿಕೆಯೇ ಇತ್ತು, ಇವಳು ಹೇಳುತ್ತಾಳೆ ಎಂಬ ನಂಬಿಕೆ.

"ಆಗಿತ್ತು ಸರ್" ಅಂದೆ.

ಮೇಸ್ತ್ರಿಯನ್ನು ಪ್ಯಾಕಿಂಗ್ ವಿಭಾಗಕ್ಕೆ ಹಾಕಿದರು. ಇಪ್ಪತ್ತೆಂಟು ವರ್ಷ ಮೋಟರು ಮುಟ್ಟಿದ ಕೈಗೆ ಅಂಟುಪಟ್ಟಿ ಕೊಟ್ಟರು. ನಾಲ್ಕು ತಿಂಗಳಿಗೆ ಅವರೇ ರಾಜೀನಾಮೆ ಕೊಟ್ಟು ಹೋದರು. ಅಷ್ಟರಲ್ಲಿ ನಾನು ಯಾರಿಗೂ ಹೇಳದೆ ದೊಡ್ಡ ಪೂರ್ಣಾಂಕಗಳನ್ನು ಮತ್ತೆ ಅವುಗಳ ಜಾಗದಲ್ಲಿ ಬರೆದಿದ್ದೆ. ಹಳೆ ಶೆಡ್ಡಿನಲ್ಲಿ ಮತ್ತೆ ಐವತ್ತು ನಿಮಿಷದ ಪರೀಕ್ಷೆ ನಡೆಯಿತು. ಹೊಸ ಮೇಸ್ತ್ರಿ ಶಿಸ್ತಿನವನು ಎಂದು ಹೊಗಳಿದರು. ನನ್ನ ನೌಕರಿ ಖಾಯಂ ಆಯಿತು.

ಒಂದು ವರ್ಷದ ನಂತರ, ತಡೆಯಲಾರದೆ, ಹಳೆ ಮೇಸ್ತ್ರಿಯ ಮನೆ ಹುಡುಕಿಕೊಂಡು ಹೋದೆ. ಒಂದು ಕೆಜಿ ಹಣ್ಣನ್ನೂ ಒಯ್ಯಲಿಲ್ಲ, ಯಾವ ಮುಖ ಇಟ್ಟುಕೊಂಡು ಒಯ್ಯಲಿ? ಅವರು ಜಗಲಿಯಲ್ಲಿ ಯಾರದೋ ಮಿಕ್ಸಿ ರಿಪೇರಿ ಮಾಡುತ್ತಿದ್ದರು. "ಬನ್ನಿ ಬನ್ನಿ ಮೇಡಂ" ಎಂದು ಎದ್ದರು. ಅವರ ಹೆಂಡತಿ ಕುರ್ಚಿ ತಂದಿಟ್ಟು ಕಾಫಿಗೆ ಒಳಗೆ ಹೋದರು. ನಾನು ನಿಂತೇ ಎಲ್ಲ ಹೇಳಿದೆ. ಸಂಖ್ಯೆ, ಸಹಿ, ವಿಚಾರಣೆಯ ಹಿಂದಿನ ದಿನ ನಾನು ಓದಿದ ಸಾಲು.

ಅವರು ಕೇಳಿದ್ದು ಒಂದೇ. "ಅಂದ್ರೆ, ಅವತ್ತು ಆ ರೂಮಲ್ಲಿ ಕೂತಾಗ ನಿಮಗೆ ಗೊತ್ತಿತ್ತಾ?"

"ಗೊತ್ತಿತ್ತು."

ಅವರು ಕೈಯಲ್ಲಿದ್ದ ಸ್ಕ್ರೂವನ್ನು ಮಿಕ್ಸಿಯ ಪಕ್ಕ ಇಟ್ಟರು.

"ಪ್ರೋಗ್ರಾಮು ತಪ್ಪು ಅಂತ ನಂಗೆ ಅವತ್ತೇ ಗೊತ್ತಿತ್ತು ಕಣಮ್ಮ. ಆದ್ರೆ ಪಾಪ, ಆ ಹುಡುಗಿಗೆ ಗೊತ್ತಾಗ್ನಿಲ್ಲ, ಗೊತ್ತಾಗಿದ್ರೆ ಹೇಳೋಳು ಅಂತ ನಮ್ಮನೆಯವಳ ಹತ್ರ ಹೇಳ್ಕೊಂಡಿದ್ದೆ. ಅದನ್ನೂ ಕಿತ್ಕೊಳಕ್ಕೆ ಬಂದ್ರಾ?"

ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಕೈ ಅಡ್ಡ ಹಿಡಿದು, ಒಳಗಿನವರಿಗೆ ಕೇಳುವಂತೆ, "ಕಾಫಿ ಬೇಡವಂತೆ ಕಣೇ, ಮೇಡಂಗೆ ಬಸ್ಸಿಗೆ ಹೊತ್ತಾಯ್ತಂತೆ" ಅಂದರು.

ನಾನು ಮೆಟ್ಟಿಲಿಳಿದೆ. ಆ ಕಾರ್ಖಾನೆಯಲ್ಲಿ ಆಮೇಲೂ ಏಳು ವರ್ಷ ಕೆಲಸ ಮಾಡಿದೆ.