ಹಗ್ಗ ಹಿಡಿದವಳ ಮಾತು

ಮಕ್ತಲ್‌ನ ನಮ್ಮ ಮನೆಯ ತಗಡಿನ ಮೇಲೆ ಬೇವಿನ ದೊಡ್ಡ ಕೊಂಬೆಯೊಂದು ಬಾಗಿತ್ತು. ಅದನ್ನು ಕಡಿಯಲು ಮರಿಕಲ್‌ನಿಂದ ಗಂಡ ಹೆಂಡತಿ ಟ್ರಾಲಿ ಆಟೋದಲ್ಲಿ ಬಂದರು. ಆಟೋ ಓಡಿಸಿದವಳು ಹೆಂಡತಿ. ಗಂಡ ಸೊಂಟಕ್ಕೆ ಹಗ್ಗ ಬಿಗಿದುಕೊಂಡು, ಕೈಗರಗಸ ಹಿಡಿದು ಮರ ಹತ್ತಿದ. ಮೇಲಿನ ಕವಲೊಂದರ ಮೇಲೆ ಹಾಯ್ದು ಬಂದ ಹಗ್ಗದ ಇನ್ನೊಂದು ತುದಿ ಕೆಳಗೆ ಆಕೆಯ ಕೈಯಲ್ಲಿತ್ತು.

"ಮೋಟಾರ್ ಗರಗಸ ಆಟೋದಾಗೇ ಬಿಟ್ಟೀರಲ್ಲ?" ಎಂದು ಕೇಳಿದೆ.

"ಅದು ನೆಲದ ಮ್ಯಾಲ ಚಲೋರಿ. ಮರದಾಗ ಎರಡೂ ಕೈ ಕೇಳತೈತಿ," ಎಂದಳು. ಕೋಸಗಿಯಲ್ಲಿ ಒಮ್ಮೆ ಅದನ್ನು ಹಿಡಿದೇ ಆತ ಜಾರಿದ್ದನಂತೆ. ಅಂಗೈ ಸುಲಿದರೂ ಆಕೆ ಹಗ್ಗ ಬಿಟ್ಟಿರಲಿಲ್ಲ.

ಕೊಯ್ಯಲು ಶುರು ಮಾಡುವಷ್ಟರಲ್ಲಿ ಗಾಳಿ ಎದ್ದಿತು.

"ಇಳೀರಿ," ಎಂದಳು.

ಆತ ಕೂಡಲೇ ಇಳಿದುಬಂದ. ಪಡಸಾಲೆಯಲ್ಲಿ ಕೂತು ಎಲ್ಲರೂ ರೊಟ್ಟಿ ತಿಂದೆವು.

"ಮ್ಯಾಲ ಇದ್ದಾಗ ನನಗ ಕೊಂಬೆ ಅಷ್ಟೇ ಕಾಣತೈತ್ರಿ," ಎಂದ ಆತ. "ಆಕಿಗೆ ನಾನೂ ಕಾಣ್ತೀನಿ. ಅದಕ್ಕ ಆಕಿ ಮಾತು ಕೇಳ್ತೀನಿ."

ಮಧ್ಯಾಹ್ನ ಗಾಳಿ ನಿಂತ ಮೇಲೆ ಮತ್ತೆ ಹತ್ತಿದ. ಬೇರೆ ಹಗ್ಗಕ್ಕೆ ಕಟ್ಟಿ ಕೊಯ್ದ ಕೊಂಬೆಯನ್ನು ಮೇಲಿನಿಂದಲೇ ಮೆಲ್ಲಗೆ ಅಂಗಳಕ್ಕಿಳಿಸಿದ. ತಗಡಿಗೆ ಒಂದು ಗೀರೂ ಬೀಳಲಿಲ್ಲ. ಆಕೆ ಮಾತ್ರ ಅತ್ತ ನೋಡಲೇ ಇಲ್ಲ. ಗಂಡನ ಪಾದ ನೆಲ ಮುಟ್ಟಿದ ಮೇಲೆಯೇ ಕೈ ಸಡಿಲಿಸಿ, ಕುಡಿಯಲು ನೀರು ಕೇಳಿದಳು.