ಸೋಸಿದ ನೀರು

ಮೀನು ಮಾರುಕಟ್ಟೆಯಲ್ಲಿ ಎಲ್ಲರೂ ಅವಳನ್ನು ಸೋಸಕ್ಕ ಎಂದೇ ಕರೆಯುತ್ತಿದ್ದರು. ಹೆತ್ತವರಿಟ್ಟ ಹೆಸರು ಗುರುತಿನ ಚೀಟಿಯಲ್ಲಷ್ಟೇ ಉಳಿದಿತ್ತು. ದೊಡ್ಡ ನಗರದ ಹೊಳೆ ಸಮುದ್ರ ಸೇರುವಲ್ಲಿ ಹಗ್ಗ ಇಳಿಬಿಟ್ಟು ಕಪ್ಪೆಚಿಪ್ಪು ಬೆಳೆಸುವವರು ಹತ್ತಾರು ಮಂದಿ. ಅವರಲ್ಲಿ ಇವಳೂ ಒಬ್ಬಳು. ಕಿತ್ತ ಚಿಪ್ಪನ್ನು ಅರ್ಧ ದಿನ ಉಪ್ಪುನೀರಿನ ತೊಟ್ಟಿಯಲ್ಲಿಟ್ಟರೆ ಅದು ಹೊಟ್ಟೆಯೊಳಗಿನ ಮರಳನ್ನು ಕಕ್ಕುತ್ತದೆ. ಉಳಿದವರು ನೀರನ್ನು ಹಾಗೆಯೇ ತೊಟ್ಟಿಗೆ ಸುರಿದು ಹರಟೆಗೆ ಕೂತರೆ, ಇವಳು ಒಂದೊಂದು ಕೊಡವನ್ನೂ ಬಟ್ಟೆಯಲ್ಲಿ ಸೋಸುತ್ತಿದ್ದಳು. ಮೂವತ್ತು ವರ್ಷದಲ್ಲಿ ಅವಳ ಚಿಪ್ಪು ತಿಂದವರ ಹಲ್ಲಿಗೆ ಒಂದು ಕಣ ಮರಳು ಸಿಕ್ಕಿರಲಿಲ್ಲ. ಈ ಹೆಮ್ಮೆಯನ್ನು ಅವಳೇನೂ ಮುಚ್ಚಿಡುತ್ತಿರಲಿಲ್ಲ.

ಅಂಥವಳ ಬುಟ್ಟಿಗೇ, ಮಾರಾಟದ ಚಿಪ್ಪು ಪರೀಕ್ಷಿಸುವ ಪ್ರಯೋಗಾಲಯದವರು ಕೆಂಪು ಚೀಟಿ ಅಂಟಿಸಿದರು.

"ಚಿಪ್ಪಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಬಟ್ಟೆ ಎಳೆ ಇದೆ ಅಕ್ಕ," ಎಂದಳು ಪ್ರಯೋಗಾಲಯದ ಹುಡುಗಿ. "ಊರವರೆಲ್ಲ ಬಟ್ಟೆ ಒಗೆದ ನೀರು ಹೊಳೆಗೇ ಬರುತ್ತಲ್ಲ, ಎಲ್ಲರ ಚಿಪ್ಪಲ್ಲೂ ಇದೆ. ನಿಮ್ಮದರಲ್ಲಿ ದುಪ್ಪಟ್ಟು. ಇನ್ನೆರಡು ಸಲ ನೋಡ್ತೀವಿ. ಇಳೀದಿದ್ರೆ ಮಾರುಕಟ್ಟೇಲಿ ನಿಮ್ಮ ಜಾಗ ಹೋಗುತ್ತೆ."

"ನಾನು ಚಿಪ್ಪು ಸಾಕಿದ್ದೀನೋ, ದರ್ಜಿಗಳನ್ನ ಸಾಕಿದ್ದೀನೋ?"

ಹುಡುಗಿ ನಕ್ಕಳು. ಸೋಸಕ್ಕನಿಗೆ ನಗು ಬರಲಿಲ್ಲ. ಚಿಪ್ಪು ಬಿಡಿಸಿ ಬಿಸಿಲಿಗೆ ಹಿಡಿದಳು, ಮೂಸಿದಳು, ಬೆರಳಲ್ಲಿ ಹಿಸುಕಿದಳು. ಏನೂ ಇಲ್ಲ. ಕಾಣದ್ದನ್ನು ತಡೆಯಲು ಅವಳಿಗೆ ಗೊತ್ತಿದ್ದ ಉಪಾಯ ಒಂದೇ. ಸೋಸಲು ಎರಡು ಮಡಿಕೆ ಮಾಡಿ ಬಳಸುತ್ತಿದ್ದ ಹಳೆಯ ನೇರಳೆ ಪಾಲಿಯೆಸ್ಟರ್ ಹೊದಿಕೆಯನ್ನು ನಾಲ್ಕು ಮಡಿಕೆ ಮಾಡಿ, ಅದೇ ನೀರನ್ನು ಎರಡೆರಡು ಸಲ ಸೋಸಿದಳು.

"ಅತ್ತೆ, ಸೊಂಟ ಬಿದ್ದುಹೋಗುತ್ತೆ," ಎಂದು ಸೊಸೆ ಬೈದದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡನೆಯ ಪರೀಕ್ಷೆಯಲ್ಲಿ ಎಳೆ ಇನ್ನೂ ಹೆಚ್ಚಾಗಿತ್ತು.

ಅವಳ ತಲೆಯೆಲ್ಲ ಮೊಸರುಗಡಿಗೆಯಾಯಿತು. ಕೊನೆಗೆ ಪ್ರಯೋಗಾಲಯದ ಹುಡುಗಿಯೇ ತೊಟ್ಟಿಯ ಹತ್ತಿರ ಬಂದು ಹೊದಿಕೆಯನ್ನು ಎತ್ತಿ ನೋಡಿದಳು.

"ಅಕ್ಕ, ನಿಮ್ಮ ಚಿಪ್ಪಲ್ಲಿ ಸಿಕ್ಕಿದ್ದೆಲ್ಲ ನೇರಳೆ ಎಳೆ. ಈ ಬಟ್ಟೇನೇ ಉದುರಿಸ್ತಿದೆ."

"ಹತ್ತೀದು ಹಾಕ್ಲಾ?"

"ಅದೂ ಎಳೆ ಬಿಡುತ್ತೆ."

"ಹಾಗಾದ್ರೆ ಸೋಸ್ಲೋ, ಬಿಡ್ಲೋ?"

"ಬಿಟ್ಬಿಡಿ. ನೀರು ನಿಲ್ಲಿಸಿಟ್ಟು ಮೇಲಿನ ತಿಳಿ ತಗೊಳ್ಳಿ, ಸಾಕು."

ಮೂರನೆಯ ಸಲ ಪಾಸಾಯಿತು. ಹೊಳೆಯ ಎಳೆ ಇದ್ದೇ ಇತ್ತಂತೆ, ಎಲ್ಲರಿಗಿರುವಷ್ಟು. ಇಷ್ಟು ಇದ್ದರೆ ಸರಿ, ಅಷ್ಟು ಇದ್ದರೆ ತಪ್ಪು ಎಂದರೆ ಏನರ್ಥವೋ ಅವಳಿಗೆ ತಿಳಿಯಲಿಲ್ಲ. ಕೈಕಟ್ಟಿ ಕೂತದ್ದಕ್ಕೆ ಜಾಗ ಉಳಿಯಿತು. ಹಾಗಾದರೆ ಇಷ್ಟು ವರ್ಷ ಬೆನ್ನು ಬಗ್ಗಿಸಿ ಜನರಿಗೆ ತಿನ್ನಿಸಿದ್ದೇನು?

ಮರುದಿನ ಬೆಳಿಗ್ಗೆ ಹಳೆಯ ಗಿರಾಕಿ ಮೇಷ್ಟ್ರು ಬುಟ್ಟಿಯ ಮುಂದೆ ಕುಕ್ಕುರುಗಾಲಲ್ಲಿ ಕೂತು ಎಂದಿನಂತೆ ಕೇಳಿದರು.

"ಸೋಸಿದ್ದು ತಾನೇ?"

ಹೂಂ ಅಂದಿದ್ದರೆ ಮುಗಿಯುತ್ತಿತ್ತು. "ಇಲ್ಲ ಮೇಷ್ಟ್ರೇ. ಬಿಟ್ಬಿಟ್ಟೆ."

"ಯಾಕಮ್ಮ, ಕೈಲಾಗಲ್ವಾ?"

ಸೋಸದಿದ್ದರೇ ಒಳ್ಳೆಯದು ಎಂದು ಹೇಳಬೇಕಿತ್ತು. ಅವಳಿಗೇ ನಂಬಿಕೆಯಿಲ್ಲದ ಮಾತು ನಾಲಿಗೆಯಿಂದ ಈಚೆ ಬರಲಿಲ್ಲ. ಮೇಷ್ಟ್ರು ಕೈಯಲ್ಲಿದ್ದ ಚಿಪ್ಪನ್ನು ಮೆಲ್ಲಗೆ ಬುಟ್ಟಿಗೆ ಹಾಕಿ ಪಕ್ಕದವನ ಕಡೆ ತಿರುಗಿದರು.

"ನಿಂದು ಸೋಸಿದ್ದೇನಪ್ಪ?"

"ನಾಲ್ಕು ಮಡಿಕೆಯಲ್ಲಿ ಸಾರ್," ಎಂದ, ಜನ್ಮದಲ್ಲಿ ಒಂದು ಚೊಂಬು ನೀರು ಸೋಸದ ಆಸಾಮಿ.

ಮೇಷ್ಟ್ರು ಎರಡು ಕಿಲೋ ತೂಗಿಸಿಕೊಂಡು ಹೋದರು. ಸೋಸಕ್ಕನಿಗೆ ಮೈಯೆಲ್ಲ ಉರಿಯುವಷ್ಟು ಸಿಟ್ಟು ಬಂತು. ಯಾರ ಮೇಲೆ ಎಂಬುದು ಮಾತ್ರ ಅವಳಿಗೆ ಗೊತ್ತಾಗಲಿಲ್ಲ.